ಕ್ಯಾನ್ಸರ್ ಗಡ್ಡೆ ದೇಹದ ಕಾವಲಿನಿಂದ ಹೇಗೆ ತಪ್ಪಿಸಿಕೊಳ್ಳುತ್ತೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಾತಿನ ನಡುವೆ, ಪತ್ರಗಳಲ್ಲಿ, ಕಾಮೆಂಟುಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಆದಷ್ಟೂ ಕೇಳಿದವರ ಮಾತಲ್ಲೇ ಇಟ್ಟಿದ್ದೇನೆ. ಶುರುವಿನವು ಸುಲಭ, ಕೆಳಗೆ ಹೋದಂತೆ ಸ್ವಲ್ಪ ಆಳ. ಇದು ಚಿಕಿತ್ಸೆಯ ಸಲಹೆ ಅಲ್ಲ. ಅದಕ್ಕೆ ನಿಮ್ಮ ರಿಪೋರ್ಟು ನೋಡಿರುವ ಡಾಕ್ಟರೇ ಬೇಕು.

## ಮೊದಲು ಕೇಳುವವು

ನೆಗಡಿ ವೈರಸ್ಸನ್ನು ಒಂದು ವಾರದಲ್ಲಿ ಓಡಿಸೋ ದೇಹಕ್ಕೆ ಕ್ಯಾನ್ಸರ್ ಯಾಕೆ ಕಾಣಿಸಲ್ಲ?

ವೈರಸ್ ಹೊರಗಿನದು. ಅದರ ಪ್ರೋಟೀನುಗಳು ನಮ್ಮವಲ್ಲ, ಹಾಗಾಗಿ ಗುರುತು ಹಿಡಿಯುವುದು ಸುಲಭ. ಕ್ಯಾನ್ಸರ್ ಕೋಶ ನಮ್ಮದೇ ಕೋಶ. ಅದರ ಡಿಎನ್‌ಎಯಲ್ಲಿ ಅಲ್ಲಲ್ಲಿ ತಪ್ಪು ಸೇರಿಕೊಂಡಿರುತ್ತೆ, ಮಿಕ್ಕಿದ್ದೆಲ್ಲ ಪಕ್ಕದ ಒಳ್ಳೆಯ ಕೋಶದ ಹಾಗೇ ಇರುತ್ತೆ. ಆ ತಪ್ಪುಗಳಿಂದ ಹುಟ್ಟುವ ವಿಚಿತ್ರ ಪ್ರೋಟೀನ್ ತುಣುಕುಗಳೇ ಟಿ ಕೋಶಗಳಿಗೆ (ಇವು ಬಿಳಿ ರಕ್ತಕಣಗಳಲ್ಲಿ ಒಂದು ಬಗೆ) ಸಿಗುವ ಮುಖ್ಯ ಸುಳಿವು. ಬಿಸಿಲಿನಿಂದ ಬರುವ ಮೆಲನೋಮ ಅನ್ನುವ ಚರ್ಮದ ಕ್ಯಾನ್ಸರ್, ಸಿಗರೇಟಿನಿಂದ ಬರುವ ಶ್ವಾಸಕೋಶದ ಕ್ಯಾನ್ಸರ್, ಇವುಗಳಲ್ಲಿ ತಪ್ಪು ಜಾಸ್ತಿ, ಸುಳಿವೂ ಜಾಸ್ತಿ. ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಸಾಮಾನ್ಯವಾಗಿ ತಪ್ಪು ಕಮ್ಮಿ.

ಇನ್ನೊಂದು ತೊಡಕೂ ಇದೆ. ನಮ್ಮದನ್ನೇ ಹೊಡೆಯುವ ಟಿ ಕೋಶ ಉಳಿದರೆ ಅಪಾಯ ಅಲ್ವಾ? ಅದಕ್ಕೇ ಟಿ ಕೋಶಗಳು ಬಲಿಯುವ, ಎದೆಯೊಳಗಿನ ಥೈಮಸ್ ಅನ್ನುವ ಗ್ರಂಥಿಯಲ್ಲಿ ಅಂಥವನ್ನು ಬಹುಪಾಲು ಚಿಕ್ಕಂದಿನಲ್ಲೇ ಸಾಯಿಸಿರುತ್ತೆ ದೇಹ. ಕ್ಯಾನ್ಸರ್ ಕೋಶವನ್ನು ಗಟ್ಟಿಯಾಗಿ ಹಿಡಿಯಬಲ್ಲವು ಎಷ್ಟೋ ಅಲ್ಲೇ ಹೋಗಿರುತ್ತವೆ.

ಆದರೆ 'ಕಾಣಿಸಲ್ಲ' ಅನ್ನೋದು ಪೂರ್ತಿ ಸರಿಯಲ್ಲ. ಎಷ್ಟೋ ಸಲ ಕಾಣಿಸುತ್ತೆ, ಕಂಡರೂ ಕೈ ಎತ್ತಲಾಗದ ಹಾಗೆ ಆಗಿರುತ್ತೆ. ಅದಕ್ಕೆ ಗಡ್ಡೆ ಹೊಸ ಆಯುಧ ಏನೂ ಕಂಡುಹಿಡಿದಿರುವುದಿಲ್ಲ. ದೇಹ ತನ್ನನ್ನು ತಾನೇ ಹೊಡೆದುಕೊಳ್ಳದಿರಲಿ ಅಂತ ಇಟ್ಟುಕೊಂಡಿರುವ ಬ್ರೇಕುಗಳೇ ಅದಕ್ಕೆ ಸಾಕು. ಮುಂದಿನ ಉತ್ತರಗಳಲ್ಲಿ ಹೆಚ್ಚಿನವು ಈ ಬ್ರೇಕುಗಳ ಕತೆಯೇ.

ದೇಹ ತಾನಾಗೇ ಕ್ಯಾನ್ಸರ್ ಕೋಶವನ್ನು ಸಾಯಿಸುತ್ತೆ ಅಂತೀರಲ್ಲ, ನೋಡಿದವರು ಯಾರು? ಪುರಾವೆ ಕೊಡಿ.

ಸರಿಯಾದ ಪ್ರಶ್ನೆ. ವಿಜ್ಞಾನಿಗಳೂ ಇದನ್ನೇ ಕೇಳಿ ದಶಕಗಟ್ಟಲೆ ಜಗಳ ಆಡಿದ್ದಾರೆ. 1909ರಲ್ಲಿ ಪಾಲ್ ಎರ್ಲಿಕ್ ಈ ಮಾತು ಎತ್ತಿದರು. 1950ರ ದಶಕದಲ್ಲಿ ಮ್ಯಾಕ್‌ಫರ್ಲೇನ್ ಬರ್ನೆಟ್ ಮತ್ತು ಲೂಯಿಸ್ ಥಾಮಸ್ ಅದಕ್ಕೆ ರೂಪ ಕೊಟ್ಟರು. 1974ರಲ್ಲಿ ಓಸಿಯಾಸ್ ಸ್ಟಟ್‌ಮನ್ ಥೈಮಸ್ ಇಲ್ಲದ ಇಲಿಗಳಲ್ಲಿ ಪ್ರಯೋಗ ಮಾಡಿ ನೋಡಿದರೆ, ಅವಕ್ಕೂ ಮಾಮೂಲಿ ಇಲಿಗಳಿಗೂ ಕ್ಯಾನ್ಸರ್ ಬರುವುದರಲ್ಲಿ ವ್ಯತ್ಯಾಸವೇ ಕಾಣಲಿಲ್ಲ, ಅಲ್ಲಿಗೆ ಆ ವಿಚಾರ ಮೂಲೆ ಸೇರಿತು. ಆ ಇಲಿಗಳಲ್ಲಿ ಬೇರೆ ಕಾವಲು ಕೋಶಗಳು ಉಳಿದಿದ್ದವು ಅಂತ ಆಮೇಲೆ ತಿಳಿಯಿತು.

ನನ್ನ ಲೆಕ್ಕದಲ್ಲಿ ಜಗಳ ಮುಗಿಸಿದ್ದು 2001ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ರಾಬರ್ಟ್ ಶ್ರೈಬರ್ ತಂಡ. ಟಿ ಕೋಶ, ಬಿ ಕೋಶ (ಇದೂ ಬಿಳಿ ರಕ್ತಕಣದ ಒಂದು ಬಗೆ) ಎರಡೂ ಇಲ್ಲದ ಇಲಿಗಳನ್ನು ತೆಗೆದುಕೊಂಡರು. ಅವಕ್ಕೆ ಕ್ಯಾನ್ಸರ್ ಬೇಗ ಬಂತು, ಜಾಸ್ತಿ ಬಂತು. ಮುಖ್ಯವಾದದ್ದು ಮುಂದಿನ ಹೆಜ್ಜೆ. ಆ ಇಲಿಗಳ ಗಡ್ಡೆಯನ್ನು ಆರೋಗ್ಯವಾಗಿರುವ ಇಲಿಗೆ ಕಸಿ ಮಾಡಿದಾಗ ಎಷ್ಟೋ ಗಡ್ಡೆಗಳು ಉಳಿಯಲೇ ಇಲ್ಲ. ಆರೋಗ್ಯವಾಗಿದ್ದ ಇಲಿಯಲ್ಲೇ ಹುಟ್ಟಿ ಬೆಳೆದ ಗಡ್ಡೆಯನ್ನು ಕಸಿ ಮಾಡಿದರೆ ಆರಾಮಾಗಿ ಬೆಳೆದವು. ಅಂದರೆ ಕಾವಲಿನ ನಡುವೆ ಬೆಳೆದ ಗಡ್ಡೆ ಆಗಲೇ ತಪ್ಪಿಸಿಕೊಳ್ಳಲು ಪಳಗಿರುತ್ತೆ.

ಮನುಷ್ಯರಲ್ಲಿ? ಕಿಡ್ನಿ ಕಸಿ ಆದವರು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ಬಿಡುವ ಹಾಗಿಲ್ಲ. ಅವರಿಗೆ ಚರ್ಮದ ಕ್ಯಾನ್ಸರ್ ಬರುವ ಸಾಧ್ಯತೆ ಹಲವು ಪಟ್ಟು ಜಾಸ್ತಿ. ಚಿಕಿತ್ಸೆ ಇಲ್ಲದ ಎಚ್‌ಐವಿಯಲ್ಲಿ ಕಪೋಸಿ ಸಾರ್ಕೋಮ ಅನ್ನುವ ಕ್ಯಾನ್ಸರ್ ಕಾಣಿಸಿಕೊಳ್ಳುವುದೂ ಇದೇ ಕಾರಣಕ್ಕೆ.

ಕ್ಯಾನ್ಸರ್ ಕೋಶಕ್ಕೆ ಬುದ್ಧಿ ಇದೆಯಾ? ಅಷ್ಟೊಂದು ಉಪಾಯ ಹೇಗೆ ಮಾಡುತ್ತೆ?

ಬುದ್ಧಿ ಇಲ್ಲ, ಉಪಾಯವೂ ಇಲ್ಲ. ಭತ್ತದ ಗದ್ದೆಯಲ್ಲಿ ಕಳೆ ಕೀಳುವುದನ್ನು ನೋಡಿದ್ದರೆ ಇದು ಬೇಗ ಅರ್ಥವಾಗುತ್ತೆ. ಬೇರೆ ಥರ ಕಾಣುವ ಕಳೆಯನ್ನು ಕಿತ್ತು ಹಾಕುತ್ತಾರೆ, ಪೈರಿನ ಹಾಗೇ ಕಾಣುವ ಹುಲ್ಲು ಕೈಗೆ ಸಿಗದೆ ಉಳಿದು ಬೀಜ ಉದುರಿಸುತ್ತೆ. ವರ್ಷ ವರ್ಷ ಹೀಗೇ ನಡೆದರೆ ಗದ್ದೆಯಲ್ಲಿ ಉಳಿಯುವ ಕಳೆಯೆಲ್ಲ ಭತ್ತದ ಹಾಗೆ ಕಾಣುವಂಥದ್ದೇ. ಹುಲ್ಲೇನೂ ಯೋಚನೆ ಮಾಡಿರುವುದಿಲ್ಲ.

ಗಡ್ಡೆಯಲ್ಲೂ ಅಷ್ಟೇ. ಕೋಶಗಳು ಒಡೆದು ಹೆಚ್ಚುವಾಗ ಒಂದೊಂದರಲ್ಲಿ ಒಂದೊಂದು ಬದಲಾವಣೆ ಆಗುತ್ತೆ. ಸುಲಭವಾಗಿ ಸಿಕ್ಕವು ಸಾಯುತ್ತವೆ, ಸಿಗದವು ಉಳಿದು ಹೆಚ್ಚುತ್ತವೆ. ಶ್ರೈಬರ್ ಇದನ್ನು ಮೂರು ಹಂತ ಮಾಡಿ ಹೇಳಿದರು. ಮೊದಲು ದೇಹದ ಕೈ ಮೇಲು, ಆಮೇಲೆ ಸಮಬಲ, ಕೊನೆಗೆ ಗಡ್ಡೆ ತಪ್ಪಿಸಿಕೊಳ್ಳುತ್ತೆ. ನಡುವಿನ ಹಂತ ವರ್ಷಗಟ್ಟಲೆ ಇರಬಹುದು. 2003ರಲ್ಲಿ ಸ್ಕಾಟ್ಲೆಂಡ್‌ನ ವೈದ್ಯರು ಒಂದು ಪ್ರಕರಣ ವರದಿ ಮಾಡಿದರು. ಒಬ್ಬರಿಗೆ 16 ವರ್ಷಗಳ ಹಿಂದೆ ಮೆಲನೋಮ ಆಪರೇಷನ್ ಆಗಿತ್ತು, ವಾಸಿಯಾಗಿದೆ ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಅವರು ತೀರಿಕೊಂಡ ಮೇಲೆ ಕಿಡ್ನಿಗಳನ್ನು ಇಬ್ಬರಿಗೆ ಕಸಿ ಮಾಡಿದರು. ಇಬ್ಬರಿಗೂ ಮೆಲನೋಮ ಬಂತು. ಅಷ್ಟು ವರ್ಷ ಆ ಕೋಶಗಳು ದಾನಿಯ ಮೈಯಲ್ಲಿ ಹತೋಟಿಯಲ್ಲಿದ್ದವು, ಕಾವಲು ತಗ್ಗಿಸಿದ ಮೈ ಸಿಕ್ಕ ಕೂಡಲೇ ಬೆಳೆದವು.

ಹಾಗಾದ್ರೆ ನನ್ನ ಇಮ್ಯುನಿಟಿ ವೀಕ್ ಇದ್ದದ್ದಕ್ಕೇ ಕ್ಯಾನ್ಸರ್ ಬಂತಾ? ಅಮೃತಬಳ್ಳಿ ಕಷಾಯ ಕುಡಿದಿದ್ರೆ ತಪ್ತಿತ್ತಾ?

ಇಲ್ಲ. ದಯವಿಟ್ಟು ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ಕ್ಯಾನ್ಸರ್ ಬಂದವರಲ್ಲಿ ಬಹಳ ಜನರ ರೋಗನಿರೋಧಕ ಶಕ್ತಿ ಚೆನ್ನಾಗೇ ಇರುತ್ತೆ. ಶಕ್ತಿ ಸಾಲದೇ ಹೋಗುವುದು ಒಂದು, ಇರುವ ಶಕ್ತಿಗೆ ಬ್ರೇಕ್ ಬೀಳುವುದು ಇನ್ನೊಂದು. ಸಾಮಾನ್ಯವಾಗಿ ಆಗಿರುವುದು ಎರಡನೆಯದು. 'ಇಮ್ಯುನಿಟಿ ಬೂಸ್ಟರ್' ಅಂತ ಮಾರುವ ಪುಡಿ, ಕಷಾಯ ಯಾವುದೂ ಆ ಬ್ರೇಕ್ ತೆಗೆದದ್ದನ್ನು ಯಾರೂ ತೋರಿಸಿಲ್ಲ. ಅಮೃತಬಳ್ಳಿಯಿಂದ ಲಿವರ್‌ಗೆ ತೊಂದರೆ ಆದ ಪ್ರಕರಣಗಳು ನಮ್ಮ ದೇಶದಲ್ಲೇ ವರದಿಯಾಗಿವೆ. ಕೀಮೋ ನಡೆಯುವಾಗ ಲಿವರ್ ಮೊದಲೇ ದಣಿದಿರುತ್ತೆ. ಏನೇ ತೆಗೆದುಕೊಳ್ಳುತ್ತಿದ್ದರೂ ಡಾಕ್ಟರಿಗೆ ಹೇಳಿ, ಬೈತಾರೆ ಅಂತ ಮುಚ್ಚಿಡಬೇಡಿ.

ಒಬ್ಬರ ಕ್ಯಾನ್ಸರ್ ಇನ್ನೊಬ್ಬರಿಗೆ ಅಂಟುತ್ತಾ? ಅತ್ತೆ ತಟ್ಟೆ ಬೇರೆ ಇಟ್ಟಿದ್ದಾರೆ.

ಅಂಟಲ್ಲ. ತಟ್ಟೆ ಒಟ್ಟಿಗೇ ಇಡಿ ಅಂತ ಹೇಳಿ. ಬೇರೆಯವರ ಕೋಶ ನಮ್ಮ ಮೈಗೆ ಬಂದರೆ ಟಿ ಕೋಶಗಳು ಅದನ್ನು ಉಳಿಯಗೊಡುವುದಿಲ್ಲ. ಕಸಿ ಮಾಡಿದ ಕಿಡ್ನಿ ಉಳಿಸಲು ಅಷ್ಟು ಮಾತ್ರೆ ಬೇಕಾಗುವುದೂ ಅದಕ್ಕೇ. ಮೇಲೆ ಹೇಳಿದ ಕಿಡ್ನಿಗಳ ಜೊತೆ ಮೆಲನೋಮ ದಾಟಿದ್ದು ಆ ಮಾತ್ರೆಗಳಿಂದ ಕಾವಲು ತಗ್ಗಿದ್ದಕ್ಕೇ. ಗರ್ಭಕೊರಳಿನ ಕ್ಯಾನ್ಸರ್ ತರುವ ಎಚ್‌ಪಿವಿಯಂಥ ವೈರಸ್ ಒಬ್ಬರಿಂದ ಒಬ್ಬರಿಗೆ ದಾಟುತ್ತೆ, ಆದರೆ ದಾಟುವುದು ವೈರಸ್, ಕ್ಯಾನ್ಸರ್ ಅಲ್ಲ.

ಪ್ರಾಣಿಗಳಲ್ಲಿ ಮಾತ್ರ ಬೆರಗು ಹುಟ್ಟಿಸುವ ಅಪವಾದಗಳಿವೆ. ನಮ್ಮ ಬೀದಿ ನಾಯಿಗಳ ಜನನಾಂಗದಲ್ಲಿ ರಕ್ತ ಸೋರುವ, ಹೂಕೋಸಿನ ಹಾಗೆ ಕಾಣುವ ಗಡ್ಡೆ ನೋಡಿರಬಹುದು. ಅದು ನಾಯಿಯಿಂದ ನಾಯಿಗೆ ಕೂಡುವಾಗ ದಾಟುವ ಕ್ಯಾನ್ಸರ್. ವೈರಸ್ ಅಲ್ಲ, ಕ್ಯಾನ್ಸರ್ ಕೋಶವೇ ದಾಟುತ್ತೆ. ಸಾವಿರಾರು ವರ್ಷಗಳ ಹಿಂದೆ ಬದುಕಿದ್ದ ಒಂದೇ ಒಂದು ನಾಯಿಯ ಕೋಶಗಳು ಇವತ್ತಿಗೂ ಬೆಂಗಳೂರು, ಬ್ರೆಜಿಲ್ ಅನ್ನದೆ ಊರೂರಿನ ನಾಯಿಗಳ ಮೈಮೇಲೆ ಬದುಕಿವೆ! ಬೆಳೆಯುವ ಹೊತ್ತಿನಲ್ಲಿ ಈ ಗಡ್ಡೆ ತನ್ನ ಗುರುತಿನ ಪ್ರೋಟೀನುಗಳನ್ನು ಮೇಲ್ಮೈಗೆ ಬರಲು ಬಿಡುವುದಿಲ್ಲ, ಅದಕ್ಕೇ ಹೊಸ ನಾಯಿಯ ದೇಹಕ್ಕೆ ಗೊತ್ತಾಗುವುದಿಲ್ಲ. ಕೆಲವು ನಾಯಿಗಳಲ್ಲಿ ಆ ಗುರುತು ವಾಪಸ್ ಬಂದು ಗಡ್ಡೆ ತಾನಾಗೇ ಕರಗುವುದೂ ಉಂಟು. ಪಶುವೈದ್ಯರು ವಾರಕ್ಕೊಮ್ಮೆ ವಿನ್‌ಕ್ರಿಸ್ಟಿನ್ ಇಂಜೆಕ್ಷನ್ ಕೊಟ್ಟರೆ ಬಹಳ ನಾಯಿಗಳು ಗುಣವಾಗುತ್ತವೆ, ನಿಮ್ಮ ಬೀದಿಯಲ್ಲಿ ಅಂಥ ನಾಯಿ ಇದ್ದರೆ ತೋರಿಸಿ.

ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾ ದ್ವೀಪದಲ್ಲಿ ಟ್ಯಾಸ್ಮೇನಿಯನ್ ಡೆವಿಲ್ ಅನ್ನುವ ಪ್ರಾಣಿಗಳ ಗತಿ ಇಷ್ಟು ಒಳ್ಳೆಯದಲ್ಲ. 1996ರಲ್ಲಿ ಮೊದಲು ಕಂಡ ಮುಖದ ಗಡ್ಡೆ ಒಂದನ್ನೊಂದು ಕಚ್ಚುವಾಗ ದಾಟುತ್ತಾ ಅವುಗಳ ಸಂಖ್ಯೆಯನ್ನೇ ಇಳಿಸಿಬಿಟ್ಟಿತು. ಅಲ್ಲೂ ಗುರುತಿನ ಜೀನುಗಳು ಕೆಟ್ಟಿಲ್ಲ, ಆಫ್ ಆಗಿವೆ ಅಷ್ಟೇ.

## ತಪ್ಪಿಸಿಕೊಳ್ಳುವ ದಾರಿಗಳು

ಆ 'ಗುರುತಿನ ಪ್ರೋಟೀನು' ಅಂದ್ರೆ ಏನು? ಅದನ್ನು ಮುಚ್ಚಿಟ್ಟರೆ ಕೆಲಸ ಮುಗೀತಾ?

ನಮ್ಮ ಹೆಚ್ಚುಕಮ್ಮಿ ಪ್ರತಿ ಕೋಶವೂ ಒಳಗೆ ಏನೇನು ಪ್ರೋಟೀನು ತಯಾರಾಗುತ್ತಿದೆ ಅಂತ ಅವುಗಳ ಚೂರುಗಳನ್ನು ಹೊರಮೈಯಲ್ಲಿ ತೋರಿಸುತ್ತಾ ಇರುತ್ತೆ. ಚೂರನ್ನು ಹಿಡಿದು ತೋರಿಸುವ ಪ್ರೋಟೀನಿಗೆ ಎಚ್‌ಎಲ್‌ಎ ಅನ್ನುತ್ತಾರೆ. ಕಸಿ ಮಾಡುವ ಮೊದಲು 'ಮ್ಯಾಚ್' ನೋಡುವುದು ಇದನ್ನೇ. ಟಿ ಕೋಶ ಈ ಚೂರನ್ನು ಮಾತ್ರ ನೋಡಬಲ್ಲದು, ಕೋಶದ ಒಳಗೆ ಇಣುಕಲು ಅದಕ್ಕೆ ಆಗಲ್ಲ.

ಹಾಗಾಗಿ ಎಚ್‌ಎಲ್‌ಎ ಕಳೆದುಕೊಂಡ ಕ್ಯಾನ್ಸರ್ ಕೋಶ ಟಿ ಕೋಶಕ್ಕೆ ಕಾಣುವುದೇ ಇಲ್ಲ. ಶ್ವಾಸಕೋಶದ ಒಂದು ಸಾಮಾನ್ಯ ಬಗೆಯ ಕ್ಯಾನ್ಸರ್‌ನಲ್ಲಿ ಸುಮಾರು 40% ಗಡ್ಡೆಗಳು ಅಪ್ಪನಿಂದಲೋ ಅಮ್ಮನಿಂದಲೋ ಬಂದ ಒಂದು ಪಾಲು ಎಚ್‌ಎಲ್‌ಎ ಜೀನುಗಳನ್ನು ಕಳೆದುಕೊಂಡಿರುತ್ತವೆ ಅಂತ 2017ರಲ್ಲಿ ಬ್ರಿಟನ್ನಿನ ಅಧ್ಯಯನವೊಂದು ತೋರಿಸಿತು. ಎಲ್ಲವನ್ನೂ ಅಲ್ಲ, ಅರ್ಧ. ಯಾಕೆ ಅರ್ಧ ಅನ್ನುವುದರಲ್ಲೇ ಸ್ವಾರಸ್ಯ ಇದೆ. ಪೂರ್ತಿ ಕಳೆದುಕೊಂಡರೆ ಎನ್‌ಕೆ ಅನ್ನುವ ಇನ್ನೊಂದು ಬಗೆಯ ಕೋಶ ಬಂದು ಹೊಡೆಯುತ್ತೆ. ಅದು ಹುಡುಕುವುದೇ ಗುರುತು ಇಲ್ಲದ ಕೋಶಗಳನ್ನು. ಸ್ವೀಡನ್ನಿನ ಕ್ಲಾಸ್ ಶೆರೆ 1980ರ ದಶಕದಲ್ಲಿ ಇದನ್ನು ತೋರಿಸಿಕೊಟ್ಟರು. ಕೆಲವು ಗಡ್ಡೆಗಳು ಎಚ್‌ಎಲ್‌ಎ-ಜಿ ಅನ್ನುವ ಬೇರೆ ಪ್ರೋಟೀನ್ ಮೇಲೆ ತಂದು ಎನ್‌ಕೆಯನ್ನೂ ಸುಮ್ಮನಿರಿಸುತ್ತವೆ. ಹೊಟ್ಟೆಯಲ್ಲಿರುವ ಮಗುವಿನಲ್ಲಿ ಅರ್ಧ ಅಪ್ಪನ ಗುರುತು ಇದ್ದರೂ ತಾಯಿಯ ದೇಹ ಸುಮ್ಮನಿರಲು ಮಾಸು ಬಳಸುವ ಪ್ರೋಟೀನುಗಳಲ್ಲಿ ಇದೂ ಒಂದು.

ಬಯಾಪ್ಸಿ ರಿಪೋರ್ಟಲ್ಲಿ 'ಪಿಡಿ-ಎಲ್1 60%' ಅಂತ ಇದೆ. ಒಳ್ಳೇದಾ ಕೆಟ್ಟದ್ದಾ?

ಟಿ ಕೋಶದ ಮೇಲೆ ಪಿಡಿ-1 ಅನ್ನುವ ಬ್ರೇಕ್ ಇದೆ. ಕ್ಯೋಟೋದ ತಸುಕು ಹೊಂಜೊ ತಂಡ 1992ರಲ್ಲಿ ಕಂಡುಹಿಡಿದದ್ದು. ಪಿಡಿ-ಎಲ್1 ಆ ಬ್ರೇಕನ್ನು ಒತ್ತುವ ಪ್ರೋಟೀನು. ಸೋಂಕು ಮುಗಿದ ಮೇಲೂ ಟಿ ಕೋಶಗಳು ಹೊಡೆಯುತ್ತಲೇ ಇದ್ದರೆ ನಮ್ಮ ಅಂಗಗಳೇ ಹಾಳಾಗುತ್ತವೆ, ಅದಕ್ಕೆ ಒಳ್ಳೆಯ ಕೋಶಗಳೂ ಇದನ್ನು ಬಳಸುತ್ತವೆ. ಬ್ರೇಕ್ ಎಷ್ಟು ಮುಖ್ಯ ಅಂದರೆ, ಸಿಟಿಎಲ್‌ಎ-4 ಅನ್ನುವ ಇನ್ನೊಂದು ಬ್ರೇಕ್ ಇಲ್ಲದೆ ಹುಟ್ಟಿಸಿದ ಇಲಿಮರಿಗಳು ಮೂರು ನಾಲ್ಕು ವಾರದಲ್ಲೇ ತಮ್ಮ ಟಿ ಕೋಶಗಳ ಹೊಡೆತಕ್ಕೆ ಸಾಯುತ್ತವೆ.

ಇಲ್ಲೊಂದು ತಮಾಷೆ ಇದೆ. ಟಿ ಕೋಶ ಹೊಡೆಯಲು ಶುರು ಮಾಡಿದಾಗ ಇಂಟರ್‌ಫೆರಾನ್ ಗಾಮಾ ಅನ್ನುವ ಸಂದೇಶದ ಪ್ರೋಟೀನು ಬಿಡುತ್ತೆ. ಅದು ತಾಗಿದ ಗಡ್ಡೆ ಪಿಡಿ-ಎಲ್1 ಹೆಚ್ಚಿಸಿಕೊಳ್ಳುತ್ತೆ. ಹಾಗಾಗಿ ಪಿಡಿ-ಎಲ್1 ಜಾಸ್ತಿ ಇದೆ ಅಂದರೆ ಎಷ್ಟೋ ಸಲ ಅಲ್ಲಿ ಹೊಡೆದಾಟ ನಡೆದಿದೆ ಅಂತಲೇ ಅರ್ಥ. ನಿಮ್ಮ 60% ಅನ್ನುವುದು ಸಾಮಾನ್ಯವಾಗಿ ಎಷ್ಟು ಪಾಲು ಕ್ಯಾನ್ಸರ್ ಕೋಶಗಳಲ್ಲಿ ಅದು ಕಂಡಿತು ಅನ್ನುವ ಲೆಕ್ಕ. ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ 50% ದಾಟಿದ್ದರೆ ಪಿಡಿ-1 ತಡೆಯುವ ಔಷಧ ಕೆಲಸ ಮಾಡುವ ಸಾಧ್ಯತೆ ಜಾಸ್ತಿ. ಅದು ಗ್ಯಾರಂಟಿ ಅಲ್ಲ. ಸೊನ್ನೆ ಇದ್ದವರಲ್ಲೂ ಕೆಲವರಿಗೆ ಕೆಲಸ ಮಾಡಿದ್ದುಂಟು.

ಗಡ್ಡೆ ತುಂಬಾ ಬಿಳಿ ರಕ್ತಕಣಗಳೇ ಇದ್ದವು ಅಂದ್ರು. ಮತ್ತೆ ಅವು ಸುಮ್ನೆ ಕೂತಿದ್ದವಾ?

ಕೆಲವು ಸುಮ್ಮನೆ ಕೂತಿದ್ದವು, ಕೆಲವು ಗಡ್ಡೆಗೇ ಕೆಲಸ ಮಾಡುತ್ತಿದ್ದವು. ಮ್ಯಾಕ್ರೋಫೇಜ್ ಅನ್ನುವ ದೊಡ್ಡ ಕೋಶಗಳು ಸೋಂಕಿನಲ್ಲಿ ಕೊಲ್ಲುತ್ತವೆ, ಗಾಯ ಮಾಯುವಾಗ ಮಾತ್ರ ಶಾಂತವಾಗಿ ಹೊಸ ರಕ್ತನಾಳ ಬೆಳೆಸುತ್ತವೆ. ಗಡ್ಡೆ ಅವನ್ನು ಈ ಎರಡನೇ ಕೆಲಸಕ್ಕೆ ಹಚ್ಚಿಕೊಂಡಿರುತ್ತೆ. ಟಿಜಿಎಫ್-ಬೀಟಾದಂಥ ರಾಸಾಯನಿಕಗಳು ಟಿ ಕೋಶಗಳನ್ನು ತಣ್ಣಗೆ ಮಾಡುತ್ತವೆ. ಆಮ್ಲಜನಕ ಕಮ್ಮಿ, ಸಕ್ಕರೆಯನ್ನೆಲ್ಲ ಗಡ್ಡೆಯೇ ತಿಂದಿರುತ್ತೆ, ಸುತ್ತ ಲ್ಯಾಕ್ಟಿಕ್ ಆಮ್ಲ. ಅಲ್ಲಿ ದಿನಗಟ್ಟಲೆ ಸಿಕ್ಕಿಬಿದ್ದ ಟಿ ಕೋಶ ದಣಿದು ಕೊಲ್ಲುವುದನ್ನೇ ಬಿಟ್ಟಿರುತ್ತೆ.

ಇನ್ನು ರೆಗ್ಯುಲೇಟರಿ ಟಿ ಕೋಶಗಳು. ಇವುಗಳ ಕೆಲಸವೇ ಉಳಿದ ಟಿ ಕೋಶಗಳನ್ನು ತಡೆಯುವುದು. ಜಪಾನಿನ ಶಿಮೊನ್ ಸಕಾಗುಚಿ 1995ರಲ್ಲಿ ಇವನ್ನು ಗುರುತಿಸಿದಾಗ ನಂಬಿದವರು ಕಮ್ಮಿ. 2025ರ ನೊಬೆಲ್ ಅವರಿಗೂ, ಮೇರಿ ಬ್ರಂಕೊ, ಫ್ರೆಡ್ ರಾಮ್ಸ್‌ಡೆಲ್ ಅವರಿಗೂ ಬಂತು. ಇವು ಇಲ್ಲದಿದ್ದರೆ ನಮ್ಮ ದೇಹವೇ ನಮ್ಮನ್ನು ಹೊಡೆಯುತ್ತೆ. ಇವೇ ಗಡ್ಡೆಯಲ್ಲಿ ಜಾಸ್ತಿಯಾದರೆ ಗಡ್ಡೆಗೆ ರಕ್ಷಣೆ.

ಪ್ಯಾಂಕ್ರಿಯಾಸ್ ಕ್ಯಾನ್ಸರ್‌ಗೆ ಇಮ್ಯುನೋಥೆರಪಿ ಯಾಕೆ ಕೊಡಲ್ಲ ಅಂತಾರೆ?

ಇಮ್ಯುನೋಥೆರಪಿ ಅಂದರೆ ಹೆಚ್ಚಾಗಿ ಈ ಬ್ರೇಕ್ ಬಿಡಿಸುವ ಔಷಧಗಳು. ಪ್ಯಾಂಕ್ರಿಯಾಸ್‌ನಲ್ಲಿ ಬ್ರೇಕ್ ಬಿಡಿಸಿದರೂ ಓಡುವುದಕ್ಕೆ ಟಿ ಕೋಶಗಳೇ ಹತ್ತಿರ ಇರುವುದಿಲ್ಲ. ಗಡ್ಡೆಯ ಸುತ್ತ ನಾರಿನಂಥ ಗಟ್ಟಿ ಅಂಗಾಂಶ ದಪ್ಪವಾಗಿ ಬೆಳೆದಿರುತ್ತೆ, ರಕ್ತನಾಳ ಹಿಂಡಿಹೋಗಿರುತ್ತವೆ, ಡಿಎನ್‌ಎ ತಪ್ಪುಗಳೂ ಕಮ್ಮಿ. ಒಂದು ಸಣ್ಣ ಗುಂಪಿಗೆ ಮಾತ್ರ ಕೆಲಸ ಮಾಡುತ್ತೆ, ಅದರ ಬಗ್ಗೆ ಕೊನೆಯ ಪ್ರಶ್ನೆ ನೋಡಿ.

## ಚಿಕಿತ್ಸೆ, ಮತ್ತು ಗಡ್ಡೆಯ ಮರುಹೊಡೆತ

ಸೋಂಕು ತಗುಲಿ ಜೋರು ಜ್ವರ ಬಂದು ಕ್ಯಾನ್ಸರ್ ಹೋಯ್ತು ಅನ್ನೋ ಕತೆ ನಿಜಾನಾ?

ಅಪರೂಪಕ್ಕೆ ಆಗಿದೆ. ನ್ಯೂಯಾರ್ಕಿನ ಸರ್ಜನ್ ವಿಲಿಯಂ ಕೋಲಿ ಅಂಥ ಪ್ರಕರಣ ನೋಡಿ 1891ರಿಂದ ಗಡ್ಡೆಗೆ ಬ್ಯಾಕ್ಟೀರಿಯಾ ಚುಚ್ಚಲು ಶುರು ಮಾಡಿದರು. ಕೆಲವರಿಗೆ ಗುಣವಾಯಿತು, ಕೆಲವರು ಸೋಂಕಿಗೇ ಸತ್ತರು, ಆಮೇಲೆ ರೇಡಿಯೇಷನ್ ಬಂದು ಇದು ಹಿಂದೆ ಸರಿಯಿತು. ಆದರೆ ಈ ವಿಚಾರದ ಒಂದು ರೂಪ ಇವತ್ತಿಗೂ ನಮ್ಮೂರ ಆಸ್ಪತ್ರೆಗಳಲ್ಲಿದೆ. ತೋಳಿನ ಮೇಲೆ ಕಲೆ ಬಿಡುವ ಟಿಬಿ ಲಸಿಕೆ ಬಿಸಿಜಿ ಇದೆಯಲ್ಲ, ಅದನ್ನೇ ಮೂತ್ರಕೋಶದ ಶುರುವಿನ ಹಂತದ ಕ್ಯಾನ್ಸರ್‌ಗೆ ಕೊಳವೆಯ ಮೂಲಕ ಒಳಗೆ ಬಿಡುತ್ತಾರೆ. ಅಲ್ಲಿ ಎದ್ದ ಉರಿಯೂತ ಕ್ಯಾನ್ಸರ್ ಕೋಶಗಳ ಮೇಲೂ ತಿರುಗುತ್ತೆ.

ಎಲ್ಲಾ ಬ್ರೇಕನ್ನೂ ಒಟ್ಟಿಗೆ ತೆಗೆದುಬಿಟ್ಟರೆ ಆಗಲ್ವಾ?

ಎರಡು ತೆಗೆದು ನೋಡಿದ್ದಾರೆ. ಸಿಟಿಎಲ್‌ಎ-4 ತಡೆದರೆ ಗಡ್ಡೆ ಕರಗುತ್ತೆ ಅಂತ 1996ರಲ್ಲಿ ಇಲಿಗಳಲ್ಲಿ ತೋರಿಸಿದ ಜೇಮ್ಸ್ ಆಲಿಸನ್, ಪಿಡಿ-1ರ ಹೊಂಜೊ, ಇಬ್ಬರಿಗೂ 2018ರ ನೊಬೆಲ್ ಬಂತು. ಮುಂದುವರಿದ ಮೆಲನೋಮ ಇದ್ದವರಿಗೆ ಎರಡೂ ಔಷಧ ಒಟ್ಟಿಗೆ ಕೊಟ್ಟ ಅಧ್ಯಯನದಲ್ಲಿ 10 ವರ್ಷದ ಮೇಲೆ 43% ಜನ ಬದುಕಿದ್ದರು. ಒಂದು ಕಾಲಕ್ಕೆ ಈ ಕಾಯಿಲೆಯವರು ಒಂದು ವರ್ಷ ದಾಟುವುದೇ ಕಷ್ಟ ಇತ್ತು. ಆದರೆ ಎರಡನ್ನೂ ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ತೀವ್ರ ಅಡ್ಡಪರಿಣಾಮ ಆಯಿತು. ಬ್ರೇಕ್ ಇಲ್ಲದ ಟಿ ಕೋಶ ಕರುಳು, ಥೈರಾಯ್ಡ್, ಶ್ವಾಸಕೋಶ, ಲಿವರ್ ಯಾವುದನ್ನೂ ಬಿಡಲ್ಲ. ಇಮ್ಯುನೋಥೆರಪಿ ನಡೆಯುವಾಗ ದಿನಕ್ಕೆ ನಾಲ್ಕೈದು ಸಲ ಭೇದಿ, ಹೊಸದಾಗಿ ಉಬ್ಬಸ ಶುರುವಾದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಅವತ್ತೇ ಫೋನ್ ಮಾಡಿ.

ಇನ್ನಷ್ಟು ಬ್ರೇಕ್ ತೆಗೆಯುವ ಪ್ರಯತ್ನಗಳು ಸೋತದ್ದೂ ಇದೆ. ಟಿ ಕೋಶಕ್ಕೆ ಬೇಕಾದ ಟ್ರಿಪ್ಟೊಫ್ಯಾನ್ ಅನ್ನುವ ಪೋಷಕಾಂಶ ಕಸಿಯುವ ಐಡಿಒ ಅನ್ನುವ ಕಿಣ್ವವನ್ನು ತಡೆದರೆ ಲಾಭ ಅಂತ ಎಲ್ಲರಿಗೂ ಭಾರೀ ನಿರೀಕ್ಷೆ ಇತ್ತು, 2018ರಲ್ಲಿ ದೊಡ್ಡ ಪರೀಕ್ಷೆಯಲ್ಲಿ ಏನೂ ಲಾಭ ಕಾಣಲಿಲ್ಲ. ಮ್ಯಾಕ್ರೋಫೇಜ್‌ಗೆ 'ನನ್ನನ್ನು ತಿನ್ನಬೇಡ' ಅನ್ನುವ ಸಿಡಿ47 ಸಂಕೇತವನ್ನು ಮುಚ್ಚುವ ಮ್ಯಾಗ್ರೋಲಿಮ್ಯಾಬ್ ಕೂಡ ರಕ್ತದ ಕ್ಯಾನ್ಸರ್‌ಗಳಲ್ಲಿ ಹಾಗೇ ನಿಂತಿತು.

ಇಂಜೆಕ್ಷನ್ ಒಂದು ವರ್ಷ ಚೆನ್ನಾಗಿ ಕೆಲಸ ಮಾಡ್ತು, ಈಗ ಮತ್ತೆ ಬೆಳೀತಿದೆ. ಔಷಧ ಸ್ಟ್ರಾಂಗ್ ಇಲ್ಲದೇ ಹೋಯ್ತಾ?

ಔಷಧ ಅದೇ ಇದೆ, ಗಡ್ಡೆ ಬದಲಾಗಿದೆ. 2016ರಲ್ಲಿ ಅಮೆರಿಕದಲ್ಲಿ ಪಿಡಿ-1 ಔಷಧಕ್ಕೆ ಮೊದಲು ಜಗ್ಗಿ ಆಮೇಲೆ ಮತ್ತೆ ಬೆಳೆದ ನಾಲ್ಕು ಮೆಲನೋಮ ರೋಗಿಗಳ ಗಡ್ಡೆಗಳನ್ನು ಬಿಡಿಸಿ ನೋಡಿದರು. ಎರಡರಲ್ಲಿ ಇಂಟರ್‌ಫೆರಾನ್‌ನ ಸಂದೇಶ ಒಳಗೆ ತಲುಪಿಸುವ ಜಾಕ್ ಜೀನುಗಳು ಕೆಟ್ಟಿದ್ದವು. ಒಂದರಲ್ಲಿ ಎಚ್‌ಎಲ್‌ಎಯನ್ನು ಮೇಲ್ಮೈಯಲ್ಲಿ ನಿಲ್ಲಿಸುವ ಬೀಟಾ-2 ಮೈಕ್ರೋಗ್ಲೋಬ್ಯುಲಿನ್ ಹಾಳಾಗಿತ್ತು. ನಾಲ್ಕನೆಯದರಲ್ಲಿ ಕಾರಣ ಸಿಗಲಿಲ್ಲ.

ಕಾರ್-ಟಿ ಚಿಕಿತ್ಸೆಯಲ್ಲಿ ಇದು ಇನ್ನೂ ಸ್ಪಷ್ಟ. ರೋಗಿಯದೇ ಟಿ ಕೋಶ ತೆಗೆದು, ಕೆಲವು ರಕ್ತದ ಕ್ಯಾನ್ಸರ್ ಕೋಶಗಳ ಮೇಲಿರುವ ಸಿಡಿ19 ಅನ್ನುವ ಗುರುತನ್ನು ಹಿಡಿಯುವ ಹಾಗೆ ಬದಲಿಸಿ, ವಾಪಸ್ ಕೊಡುತ್ತಾರೆ. ಇದಕ್ಕೆ ಎಚ್‌ಎಲ್‌ಎ ಬೇಕೇ ಇಲ್ಲ, ಆ ದಾರಿ ಗಡ್ಡೆಗೆ ಮುಚ್ಚಿತು. ಆದರೆ ಕೆಲವು ಲುಕೇಮಿಯಾಗಳು (ರಕ್ತದ ಕ್ಯಾನ್ಸರ್) ಸಿಡಿ19 ಅನ್ನೇ ಕಳಚಿ ವಾಪಸ್ ಬರುತ್ತವೆ. ಅದಕ್ಕೇ ಈಗ ಎರಡು ಗುರುತುಗಳನ್ನು ಒಟ್ಟಿಗೆ ಹಿಡಿಯುವ ಕಾರ್-ಟಿ ಪರೀಕ್ಷಿಸುತ್ತಿದ್ದಾರೆ.

ನಮ್ಮ ಅಪ್ಪಾರಿಗೆ ಬಾಯಿ ಕ್ಯಾನ್ಸರ್ ಐತ್ರಿ. ಇಮ್ಯುನೋಥೆರಪಿಗೆ ಲಕ್ಷಗಟ್ಟಲೆ ಅಂತಾರ. ಬ್ಯಾರೆ ದಾರಿ ಇಲ್ಲೇನ್ರಿ?

ಒಂದು ದಾರಿ ಬಗ್ಗೆ ಡಾಕ್ಟರನ್ನು ಕೇಳಿ ನೋಡಿ. ನಿವೊಲುಮ್ಯಾಬ್ ಅನ್ನುವ, ಪಿಡಿ-1 ತಡೆಯುವ ಔಷಧದ ಸಾಮಾನ್ಯ ಡೋಸು ಎರಡು ವಾರಕ್ಕೆ 240 ಮಿಲಿಗ್ರಾಂ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಮೂರು ವಾರಕ್ಕೆ ಬರೀ 20 ಮಿಲಿಗ್ರಾಂ ಕೊಟ್ಟು ನೋಡಿದರು. ಯಾಕೆ ಇಷ್ಟು ಕಮ್ಮಿ ಸಾಕು ಅಂದರೆ, ಪಿಡಿ-1 ಬ್ರೇಕುಗಳನ್ನು ಮುಚ್ಚಲು ಸ್ವಲ್ಪ ಔಷಧವೇ ಸಾಕಾಗುತ್ತೆ, ಅದರ ಮೇಲೆ ಸುರಿದದ್ದರಿಂದ ಹೆಚ್ಚಿನ ಲಾಭ ಇದ್ದಂತಿಲ್ಲ. ತಲೆ-ಕುತ್ತಿಗೆ ಭಾಗದ ಮುಂದುವರಿದ ಕ್ಯಾನ್ಸರ್ ಇದ್ದ 151 ಜನರ ಅಧ್ಯಯನ ಅದು. ಬರೀ ಕಮ್ಮಿ ಡೋಸಿನ ಮಾತ್ರೆಗಳ ಕೀಮೋ ಪಡೆದವರಲ್ಲಿ ಒಂದು ವರ್ಷ ದಾಟಿದವರು 16.3%, ಜೊತೆಗೆ ಈ ಸಣ್ಣ ಡೋಸು ಪಡೆದವರಲ್ಲಿ 43.4%. ಗುಟ್ಕಾ, ತಂಬಾಕಿನಿಂದ ಬಾಯಿ ಕ್ಯಾನ್ಸರ್ ತುಂಬಿರುವ ನಮ್ಮಂಥ ದೇಶಕ್ಕೆ ಇದಕ್ಕಿಂತ ಕೆಲಸಕ್ಕೆ ಬರುವ ಅಧ್ಯಯನ ಇತ್ತೀಚೆಗೆ ನಾನು ಕಂಡಿಲ್ಲ.

ಕಾರ್-ಟಿ ಬಾಯಿ ಕ್ಯಾನ್ಸರ್‌ಗೆ ಅಲ್ಲ, ಕೆಲವು ರಕ್ತದ ಕ್ಯಾನ್ಸರ್‌ಗಳಿಗೆ. ಅದೂ ಈಗ ಇಲ್ಲೇ ತಯಾರಾಗುತ್ತೆ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್‌ನಿಂದ ಬಂದ ನೆಕ್ಸ್‌ಕಾರ್19ಗೆ 2023ರಲ್ಲಿ ಒಪ್ಪಿಗೆ ಸಿಕ್ಕಿತು. ಬೆಂಗಳೂರಿನ ಇಮ್ಯುನೀಲ್ ಕಂಪನಿ 2025ರಲ್ಲಿ ತನ್ನದನ್ನು ತಂದಿತು. ಬೆಲೆ ವಿದೇಶದ್ದಕ್ಕಿಂತ ಎಷ್ಟೋ ಕಮ್ಮಿ, ಆದರೂ ಹತ್ತಾರು ಲಕ್ಷ.

ನಮ್ಮ ಕೇಸಲ್ಲಿ ಇಮ್ಯುನೋಥೆರಪಿ ಕೆಲಸ ಮಾಡುತ್ತಾ ಅಂತ ಮೊದಲೇ ಹೇಳೋ ಪರೀಕ್ಷೆ ಇದೆಯಾ?

ಪಕ್ಕಾ ಹೇಳುವ ಒಂದೇ ಪರೀಕ್ಷೆ ಇಲ್ಲ. ಆದರೆ ಕೇಳದೆ ಬಿಡಬಾರದ ಒಂದು ಇದೆ. ಡಿಎನ್‌ಎ ನಕಲಾಗುವಾಗ ಆಗುವ ತಪ್ಪು ತಿದ್ದಲು ನಮ್ಮಲ್ಲಿ ಪ್ರೋಟೀನುಗಳಿವೆ. ಅವು ಕೆಟ್ಟ ಗಡ್ಡೆಗಳಲ್ಲಿ ತಪ್ಪುಗಳು ರಾಶಿ ರಾಶಿ, ಟಿ ಕೋಶಕ್ಕೆ ಸುಳಿವೂ ರಾಶಿ ರಾಶಿ. ಇಂಥ ಗಡ್ಡೆ ಬದುಕಿರುವುದೇ ಬ್ರೇಕಿನ ಬಲದಿಂದ, ಬ್ರೇಕ್ ಬಿಡಿಸಿದರೆ ಕುಸಿಯುತ್ತೆ. ನ್ಯೂಯಾರ್ಕಿನಲ್ಲಿ ಇಂಥ ಗುದನಾಳದ ಕ್ಯಾನ್ಸರ್ ಇದ್ದವರಿಗೆ ಡೊಸ್ಟಾರ್ಲಿಮ್ಯಾಬ್ ಅನ್ನುವ ಪಿಡಿ-1 ಔಷಧ ಒಂದನ್ನೇ ಕೊಟ್ಟು ನೋಡಿದಾಗ, 2022ರಲ್ಲಿ ವರದಿಯಾದ ಮೊದಲ 12 ಜನರಲ್ಲಿ 12 ಜನರ ಗಡ್ಡೆಯೂ ಕಾಣದಂತಾಯಿತು. ಆಪರೇಷನ್ ಇಲ್ಲ, ರೇಡಿಯೇಷನ್ ಇಲ್ಲ.

ಪರೀಕ್ಷೆಯ ಹೆಸರು ಎಂಎಂಆರ್ ಅಥವಾ ಎಂಎಸ್‌ಐ. ಬಯಾಪ್ಸಿ ಮಾಡಿದ ತುಣುಕಿನಲ್ಲೇ ತಪ್ಪು ತಿದ್ದುವ ನಾಲ್ಕು ಪ್ರೋಟೀನುಗಳಿಗೆ ಬಣ್ಣ ಹಾಕಿ ನೋಡುತ್ತಾರೆ, ಹೊಸದಾಗಿ ಚುಚ್ಚಬೇಕಿಲ್ಲ. ದೊಡ್ಡ ಕರುಳು, ಗುದನಾಳ, ಗರ್ಭಕೋಶದ ಒಳಪದರದ ಕ್ಯಾನ್ಸರ್‌ನಲ್ಲಿ ತಪ್ಪದೆ ಕೇಳಿ. ಮೇಲೆ ಹೇಳಿದ ಪ್ಯಾಂಕ್ರಿಯಾಸ್‌ನ ಸಣ್ಣ ಗುಂಪೂ ಇದೇ. ಈ ಪ್ರೋಟೀನು ಕೆಟ್ಟಿದೆ ಅಂತ ಫಲಿತಾಂಶ ಬಂದರೆ ಅದು ಮನೆತನದಲ್ಲಿ ಹರಿದು ಬರುವ ಲಿಂಚ್ ಸಿಂಡ್ರೋಮ್ ಇರಬಹುದು, ಅಣ್ಣತಮ್ಮ, ಅಕ್ಕತಂಗಿ, ಮಕ್ಕಳೂ ಪರೀಕ್ಷೆ ಮಾಡಿಸಬೇಕಾ ಅಂತ ಅದೇ ಭೇಟಿಯಲ್ಲಿ ಕೇಳಿಕೊಳ್ಳಿ.